ಮುದ್ದಣ್ಣನ ಕಿವಿ

ಮುದ್ದಣ್ಣನ ತಲೆ ಮತ್ತೆ ಎಡಕ್ಕೆ ವಾಲಿತು. ಓಂಕಾರ ಅವನ ಹಣೆಗೆ ಸುತ್ತಿದ ಬಟ್ಟೆಯನ್ನು ಗೋಡೆಯ ಮೊಳೆಗೆ ಇನ್ನಷ್ಟು ಬಿಗಿದು ಕಟ್ಟಿದ. ಕೂರಿಸಿದ ಹೆಣದ ಹಣೆತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ.

"ನನ್ನ ಮಾತು ಒಂದಿನಾನೂ ಕಿವ್ಯಾಗ ಹಾಕ್ಕೊಳ್ಳಿಲ್ಲ," ಮುದ್ದಣ್ಣನ ಹೆಂಡತಿ ಜಯಮಾಲಾ ಅಳುತ್ತಲೇ ಗೊಣಗಿದಳು. "ಮಷೀನ್ ಕರದ್ರ ಊಟಾ ಬಿಟ್ಟು ಓಡ್ತಿದ್ರು."

"ಅಣ್ಣಾರ ಕಿವಿ ಎಲ್ಲೂ ಹೋಗಿಲ್ರಿ ವಹಿನಿ," ಎಂದ ಕಾರ್ಖಾನೆಯ ಫಿಟ್ಟರ್ ರತ್ನಾಕರ. "ಈ ಓಂಕಾರ ಅದನ್ನ ಕಂಪ್ಯೂಟರಿನ್ಯಾಗ ಇಳಿಸ್ಯಾನ."

"ಹಂಗಾದ್ರ ಆ ಕಂಪ್ಯೂಟರಿಗೂ ನನ್ನ ಮಾತು ಕೇಳಂಗಿಲ್ಲ ಬಿಡು."

ಓಂಕಾರ ನಗು ನುಂಗಿಕೊಳ್ಳುವಷ್ಟರಲ್ಲಿ ಫೋನ್ ಬಂತು. ಚಿಕಲಠಾಣಾದ ಕಾರ್ಖಾನೆಯಿಂದ ಸೂಪರ್‌ವೈಸರ್ ವಿಶ್ವನಾಥಪ್ಪ.

"ದೊಡ್ಡ ಪ್ರೆಸ್ ಖಾಲಿ ಓಡಿಸಿ ಸದ್ದು ಕೇಳಿಸಿದ್ವಿ. ನಿನ್ನ ಕಂಪ್ಯೂಟರ್ 'ಓಕೆ' ಅಂತದ. ಮೂರ್ ಗಂಟೇಕ್ಕ ಅದರ ಮುಂದ ಎಂಟ್ ಮಂದೀನ ನಿಂದರಸ್ತೀನಿ. ನಡೀತದಲ್ಲ?"

"ಬಿಂದಾಸ್ ನಡಸ್ರಿ!"

* * *

ಎರಡು ವರ್ಷ ಓಂಕಾರ ಕಾರ್ಖಾನೆಯಲ್ಲಿ ಮುದ್ದಣ್ಣನ ಬೆನ್ನು ಬಿಟ್ಟಿರಲಿಲ್ಲ. ಮುದ್ದಣ್ಣ ಉದ್ದನೆಯ ಸ್ಕ್ರೂಡ್ರೈವರನ್ನು ತಗಡು ಬಡಿದು ಆಕಾರ ಕೊಡುವ ಪ್ರೆಸ್ಸಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚುತ್ತಿದ್ದ. ಆಮೇಲೆ ಒಂದೇ ಮಾತು: ಮಷೀನ್ ಸರಿ ಇದ್ದರೆ 'ಓಕೆ', ಕೆಟ್ಟಿದ್ದರೆ 'ಬಿಚ್ರಿ'. ಆ ಸದ್ದು, ಆ ಮಾತು, ಎರಡನ್ನೂ ಓಂಕಾರ ಜೋಡಿಸಿ ಕಂಪ್ಯೂಟರಿಗೆ ಕಲಿಸಿದ್ದ.

ಕೆಲವೊಮ್ಮೆ ಮುದ್ದಣ್ಣ ಏನೂ ಹೇಳದೆ ಎದ್ದು ಚಹಾಕ್ಕೆ ಹೋಗಿಬಿಡುತ್ತಿದ್ದ.

"ಆವಾಗ ಏನ್ ವಿಚಾರ ಮಾಡ್ತೀರಿ ಕಾಕಾ?"

"ವಿಚಾರ ಎಲ್ಲೀದೋ? ಹೊಟ್ಟ್ಯಾಗ ಹೆದರಿಕಿ ಹುಟ್ಟತದ. ಅದು ಹೋಗೂತನಕ ಯಾರನ್ನೂ ಪ್ರೆಸ್ಸಿನ ಮುಂದ ನಿಂದರಸಂಗಿಲ್ಲ."

ಅಂಥ ನಲವತ್ತೊಂದು ರೆಕಾರ್ಡಿಂಗ್‌ಗಳಿದ್ದವು. ಉತ್ತರವಿಲ್ಲದ ಸದ್ದು ಯಾತಕ್ಕೆ ಬಂತು ಎಂದು ಓಂಕಾರ ಒಂದೇ ಏಟಿಗೆ ಅಳಿಸಿಹಾಕಿದ್ದ. ಕಂಪ್ಯೂಟರಿಗೆ ಎರಡೇ ಮಾತು ಗೊತ್ತಿತ್ತು.

* * *

ಗಂಗಾಪುರದ ರುದ್ರಭೂಮಿಯಲ್ಲಿ ಮುದ್ದಣ್ಣನನ್ನು ಗುಣಿಗೆ ಇಳಿಸಿ, ಪದ್ಮಾಸನ ಹಾಕಿಸಿ ಕೂರಿಸಿದರು. ಜಂಗಮರು ಉಪ್ಪು ಸುರಿಯತೊಡಗಿದರು.

"ನಿನ್ನೆ ಗಟ್ಟಿಮುಟ್ಟ ಇದ್ರಪಾ," ರತ್ನಾಕರ ಕಣ್ಣೊರೆಸಿಕೊಂಡ. "ದೊಡ್ಡ ಪ್ರೆಸ್ಸಿಗೆ ಕಿವಿ ಹಚ್ಚಿದ್ರು. ಏನೂ ಅನ್ನಲಾರ್ದ ಚಹಾಕ್ಕ ಬಂದ್ರು. ಅಲ್ಲೇ ಎದಿ ಹಿಡಕೊಂಡು ಕುಂತವ್ರು ಏಳಲಿಲ್ಲ."

"ಏನೂ ಅನ್ಲಿಲ್ಲಾ?"

"ಒಂದ್ ಮಾತೂ ಇಲ್ಲ. ಯಾಕೋ?"

ಓಂಕಾರ ಗಡಿಯಾರ ನೋಡಿದ. ಮೂರೂ ಹತ್ತು. ವಿಶ್ವನಾಥಪ್ಪನ ನಂಬರ್ ಒತ್ತಿದ. ರಿಂಗಾಯಿತು, ಕಡಿಯಿತು. ಮತ್ತೆ ಒತ್ತಿದ. ಈ ಸಲ ಫೋನ್ ಎತ್ತಿದ್ದಾಯಿತು, ಧಡ್, ಧಡ್ ಎಂದು ಪ್ರೆಸ್ ಬಡಿಯುವ ಸದ್ದಿನಲ್ಲಿ "ಹಲೋ? ಹಲೋ? ಕೇಳಸವಲ್ದು!" ಎಂದು ವಿಶ್ವನಾಥಪ್ಪ ನಗುತ್ತ ಕೂಗುತ್ತಿದ್ದ.

"ನಿಲ್ಲಸ್ರಿ! ಮಂದೀನ ಹಿಂದ ಸರಸ್ರಿ!"

ಸುತ್ತ ನಿಂತವರೆಲ್ಲ ತಿರುಗಿ ನೋಡಿದರು. ಉಪ್ಪು ಎದೆಯವರೆಗೆ ಏರಿತ್ತು. ಜಂಗಮರ ಕೈ ಅರೆಗಳಿಗೆ ತಡೆಯಿತು, ಆಮೇಲೆ ಅವರು ಇನ್ನೊಂದು ಚೀಲದ ಬಾಯಿ ಬಿಚ್ಚಿದರು.