ಕ್ಯಾಪ್ಟನ್ನನ ಅಶ್ವದಳ

ವಿಜಯಪುರದ ಸೌಜನ್ಯಾ ಲಾಸ್ ಏಂಜಲೀಸ್ ಬಳಿಯ ಎಲ್ ಸೆಗುಂಡೋದಲ್ಲಿ ಇಂಜಿನಿಯರ್. ಕುದುರೆ ಸವಾರಿಯೆಂದರೆ ಅವಳಿಗೆ ಪ್ರಾಣ. ಸ್ಯಾನ್ ಡಿಯೆಗೋದಲ್ಲಿ ಅಮೆರಿಕದ ಅಂತರ್ಯುದ್ಧದ ಕಾಳಗಗಳನ್ನು ಕುದುರೆಯೇರಿ ಆಡಿ ತೋರಿಸುವ ತಂಡವೊಂದಿತ್ತು. ಅವಳು ಸೇರಲು ಹೋದಾಗ ತಂಡದ ಮುಖ್ಯಸ್ಥ, ಮುದುಕ ವಾಲ್ಟರ್, ಎಲ್ಲರೆದುರು ನಕ್ಕುಬಿಟ್ಟ.

"ಇದು ನನ್ನ ಮುತ್ತಜ್ಜ ಕ್ಯಾಪ್ಟನ್ ಆಗಿದ್ದ ಮಿಝೌರಿ ರಾಜ್ಯದ ಮಿಲಿಷಿಯಾ ಸೇನೆಯ ಅಶ್ವದಳ. ನಿಮ್ಮಂಥವರು ಇದರಲ್ಲಿ ಇರಲಿಲ್ಲ. ಬೇಕಿದ್ದರೆ ಮೈಕ್ ಹಿಡಿದು ದಳದ ಚರಿತ್ರೆ ಓದಿ," ಎಂದ.

ಆ ನಗುವನ್ನು ಅವಳು ಮರೆಯಲಿಲ್ಲ; ಮೈಕ್ ಹಿಡಿಯಲು ಒಪ್ಪಿಕೊಂಡಳು. ಚಳಿಗಾಲವಿಡೀ ಹಳೆಯ ಸೇನಾ ವರದಿಗಳನ್ನು ಜಾಲಾಡಿದಳು. ಆ ದಳ ಬಯಲಿನಲ್ಲಿ ಎದುರುಬದುರು ಕಾದಿದ್ದು ಕಡಿಮೆ. ಕಾಡಿನಲ್ಲಿ ಬಂಡುಕೋರರ ಬೆನ್ನಟ್ಟಿದ್ದೇ ಹೆಚ್ಚು. ಒಮ್ಮೆ, ಬಂದೂಕು ಕೆಳಗಿಟ್ಟು ಶರಣಾದವರನ್ನು ಕ್ಯಾಪ್ಟನ್ ಸಾಲಾಗಿ ನಿಲ್ಲಿಸಿ ಗುಂಡಿಕ್ಕಿಸಿದ್ದ.

"ಮುದುಕನ ಮರ್ಯಾದಿ ಯಾಕ ಕಳೀತಿ? ಬಿಟ್ಟುಬಿಡು," ಎಂದ ಗಂಡ ತರುಣ.

"ನನ್ನ ಮರ್ಯಾದಿ ಕಳಿಯೋ ಮುಂದ ಅಂವ ಬಿಟ್ಟನೇನು?"

ಪ್ರದರ್ಶನದ ದಿನ ವಾಲ್ಟರ್ ಮುತ್ತಜ್ಜನ ವೇಷದಲ್ಲಿ ಕುದುರೆಯೇರಿ ಮೈದಾನದ ನಡುವೆ ನಿಂತ. ಸೌಜನ್ಯಾ ಮೈಕ್ ಹಿಡಿದು, ಸತ್ತವರ ಹೆಸರುಗಳನ್ನೂ ಬಿಡದೆ, ಎಲ್ಲವನ್ನೂ ಓದಿದಳು. ಚಪ್ಪಾಳೆ ತಟ್ಟಲು ಬಂದಿದ್ದ ಜನ ಅವನನ್ನೇ ನೋಡುತ್ತ ಕೂತರು. ಅವನ ಮಗಳು ಎದ್ದು ಹೋದಳು. ಕೊನೆಗೆ ಅವನು ಕುದುರೆಯಿಂದಿಳಿದು ಬಂದು, "ಇದು ನನಗೆ ಗೊತ್ತಿರಲಿಲ್ಲ," ಎಂದ.

"ಓದಿ ಅಂದವರು ನೀವೇ," ಎಂದಳು ಸೌಜನ್ಯಾ.

ಲಾಸ್ ಏಂಜಲೀಸ್‌ಗೆ ಕಾರು ಓಡಿಸುತ್ತ ತರುಣ ಕೇಳಿದ, "ಸಮಾಧಾನ ಆತೇನು?"

ಮುದುಕನ ಬಾಡಿದ ಮುಖ ಅವಳ ಕಣ್ಣ ಮುಂದೆಯೇ ಇತ್ತು. ಅಯ್ಯೋ ಪಾಪ ಅನ್ನಿಸುತ್ತದೆಯೇ ಎಂದು ತನ್ನೊಳಗೇ ಹುಡುಕಿಕೊಂಡಳು. ಅನ್ನಿಸಲಿಲ್ಲ.

"ಆತು," ಎಂದಳು.