ಟೈಲರಮ್ಮನ ಗೆಳತಿ

"ನಿಲ್ಲಿಸಪ್ಪಾ ಗಾಡಿ, ನಾನು ಇಳೀತೀನಿ. ಅವಳ ಗೆಳತಿ ಯಾರು ಅಂತ ನನಗೇ ಹೇಳ್ಕೊಡ್ತೀಯಾ?"

ಬಾಡಿಗೆ ಬೈಕಿನವನು ನಿಲ್ಲಿಸಲಿಲ್ಲ, ವೇಗ ಮಾತ್ರ ತಗ್ಗಿಸಿದ. "ನಾನೇನು ತಪ್ಪು ಹೇಳ್ದೆ ಅಕ್ಕಾ? ಟೈಲರಮ್ಮಂಗೆ ಗೆಳತಿ ಅಂದ್ರೆ ನರ್ಸಮ್ಮ. ಊರಿಗೇ ಗೊತ್ತು."

"ನಿಮ್ಮೂರಿಗೆ ಗೊತ್ತು ಮಣ್ಣು."

ಬಸ್ಸು ಮುಖ್ಯರಸ್ತೆಯಲ್ಲೇ ಇಳಿಸಿ ಹೋಗಿತ್ತು. ಅಲ್ಲಿಂದ ಹಳ್ಳಿಗೆ ಏಳು ಕಿಲೋಮೀಟರು, ಬಾಡಿಗೆ ಬೈಕೇ ಗತಿ. ಕಾಲರಕ್ಕ ಸೀಟಿನ ಹಿಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಅವನು ರಸ್ತೆಯ ಒಂದೊಂದು ಗುಂಡಿಗೂ ಒಂದೊಂದು ವಿಷಯ ಹೇಳುತ್ತಿದ್ದ. ಟೈಲರಮ್ಮನಿಗೆ ಜ್ವರ ಬಂದಾಗ ನರ್ಸಮ್ಮ ಮೂರು ದಿನ ಪಕ್ಕ ಬಿಟ್ಟು ಏಳಲಿಲ್ಲವಂತೆ. ಬೆಳಿಗ್ಗೆ ಇಬ್ಬರೂ ಕೆರೆಯವರೆಗೆ ನಡೆಯುತ್ತಾರಂತೆ. ಒಬ್ಬರ ಹಿಂದೆ ಒಬ್ಬರು ಬಾಲದ ಹಾಗಂತೆ.

ಶರಟಿನ ಫ್ಯಾಕ್ಟರಿಯಲ್ಲಿ ಹದಿನಾಲ್ಕು ವರ್ಷ ಇಬ್ಬರದೂ ಎದುರುಬದುರು ಮಿಷನ್ನು. ಕಾಲರ್ ಹೊಲಿಯುವ ಇವಳು ಕಾಲರಕ್ಕ, ಗುಂಡಿ ಹಾಕುವ ಅವಳು ಗುಂಡಿ. ಎರಡು ವರ್ಷದ ಹಿಂದೆ ಗುಂಡಿ ಕೆಲಸ ಬಿಟ್ಟು ಹಳ್ಳಿಗೆ ಬಂದು ಟೈಲರಿಂಗ್ ಶುರು ಮಾಡಿದಳು. ಆಮೇಲೆ ಫೋನು ಬಂದದ್ದು ಎರಡು ಸಲ. ಪಾಪ, ಹಳ್ಳಿಯಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ಕಾಲರಕ್ಕ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಊರು ಮುಟ್ಟುವಷ್ಟರಲ್ಲಿ ಬೈಕಿನವನಿಗೆ ನಾಲ್ಕು ಫೋನು ಬಂದವು. ಒಂದೂ ಕಡಿದುಹೋಗಲಿಲ್ಲ.

ಗುಂಡಿ ಓಡಿಬಂದು ತಬ್ಬಿಕೊಂಡಳು. ಹೇಳದೆ ಕೇಳದೆ ಬಂದದ್ದಕ್ಕೆ ಬೈದಳು, ಕಣ್ಣೊರೆಸಿಕೊಂಡಳು. ಕಾಲರಕ್ಕನ ಅರ್ಧ ಕೋಪ ಅಲ್ಲೇ ಇಳಿಯಿತು.

ಒಳಗೆ ಮಂಚದ ಮೇಲೆ ಒಬ್ಬ ದಪ್ಪಗಿನ ಹೆಂಗಸು ಕಾಲು ಮಡಚಿ ಕೂತು, ಹೊಸ ಅಂಗಿಯಲ್ಲಿ ಮಿಕ್ಕ ದಾರದ ಎಳೆ ಕೀಳುತ್ತಿದ್ದಳು.

"ಇವಳು ಫ್ಯಾಕ್ಟರೀಲಿ ನನ್ ಜೊತೆ ಕೆಲಸ ಮಾಡ್ತಿದ್ಲು," ಎಂದು ಗುಂಡಿ ಆ ಹೆಂಗಸಿಗೆ ಹೇಳಿದಳು.

ಅಷ್ಟೇ. ಹದಿನಾಲ್ಕು ವರ್ಷ ಒಂದು ಮಾತಿನಲ್ಲಿ ಮುಗಿದುಹೋಯಿತು.

"ಗುಂಡಿ, ನೀನು ಮಾತಾಡ್ತಿರು, ಟೀ ನಾನಿಡ್ತೀನಿ," ಎಂದು ನರ್ಸಮ್ಮ ಎದ್ದಳು. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳಲಿಲ್ಲ.

ಗಿರಾಕಿಗಳು ನೋಡಿಕೊಳ್ಳುವ ಉದ್ದನೆಯ ಕನ್ನಡಿ ಕಾಲರಕ್ಕನ ಎದುರಿಗಿತ್ತು. ಅವಳ ಬೆನ್ನ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ನಿಂತ ನರ್ಸಮ್ಮ ಅದರಲ್ಲಿ ಕಂಡಳು. ಎರಡು ಬೆರಳಿನಿಂದ ಭುಜ ಕೊಡವಿ, ಹೆಬ್ಬೆರಳು ಮಡಚಿದಳು. ಪಕ್ಕದ ಮಿಷನ್ನಿಗೆ ಕೂತಿದ್ದ ಗುಂಡಿ ಬಟ್ಟೆಯಿಂದ ತಲೆ ಎತ್ತದೆ, ಕಣ್ಣಂಚಿನಲ್ಲೇ ನೋಡಿ ಅಂಗೈ ಕೆಳಮುಖ ಮಾಡಿ ತೋರಿಸಿದಳು.

ಫ್ಯಾಕ್ಟರಿಯ ಮಿಷನ್ನುಗಳ ಸದ್ದಿನಲ್ಲಿ ಕಿರುಚಿದರೂ ಮಾತು ಕೇಳುತ್ತಿರಲಿಲ್ಲ. ಅದಕ್ಕೆ ಕಾಲರಕ್ಕ, ಗುಂಡಿ ಇಬ್ಬರೂ ಕೂಡಿ ಕಟ್ಟಿಕೊಂಡ ಸನ್ನೆಗಳು ಅವು. ಈ ಸನ್ನೆಯನ್ನಂತೂ, ತಲೆಯ ಮೇಲೆ ಬಂದು ನಿಲ್ಲುವ ಸೂಪರ್‌ವೈಸರನಿಗಾಗಿ ಕಾಲರಕ್ಕನೇ ಹುಟ್ಟಿಸಿದ್ದಳು. ನರ್ಸಮ್ಮ ಕೇಳಿದ್ದು, ಈ ಪೀಡೆ ಯಾವಾಗ ತೊಲಗುತ್ತೆ? ಗುಂಡಿ ಹೇಳಿದ್ದು, ಸಂಜೆಗೆ.

ಗುಂಡಿಯ ಕೈ ಹಾಗೇ ನಿಂತಿತು. ತಲೆ ಎತ್ತಿದ ಅವಳ ಕಣ್ಣೂ ಕಾಲರಕ್ಕನ ಕಣ್ಣೂ ಕನ್ನಡಿಯಲ್ಲಿ ಕೂಡಿದವು.

"ಹೆಬ್ಬೆರಳು ಮಡಚಬಾರದಮ್ಮ," ಕಾಲರಕ್ಕ ತಿರುಗಿ ನರ್ಸಮ್ಮನಿಗೆ ಹೇಳಿದಳು. "ಹೊರಗಡೆ ತಿರುಗಿಸ್ಬೇಕು. ನಿಮಗೆ ಇವಳು ಸರಿಯಾಗಿ ಕಲಿಸಿಲ್ಲ."

"ಲೇ, ಅದು ತಮಾಷೆಗೆ ಕಣೇ," ಎಂದಳು ಗುಂಡಿ. "ಕೂತ್ಕೊ. ಎಲ್ಲಿಗೆ ಹೊರಟೆ?"

"ಚಪ್ಪಲಿ ಬಿಸಿಲಲ್ಲಿದೆ. ನೆರಳಿಗೆ ಇಟ್ಟು ಬರ್ತೀನಿ."

ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡಳು. ಅಂಗಳ ದಾಟಿದಳು. ಎದುರುಮನೆಯ ನೆರಳಿನಲ್ಲಿ ಚೈನಿಗೆ ಎಣ್ಣೆ ಬಿಡುತ್ತಿದ್ದ ಬೈಕಿನವನು ಅವಳ ಮುಖ ನೋಡಿ ಎಣ್ಣೆಡಬ್ಬಿ ಕೆಳಗಿಟ್ಟ. ಅವಳು ರಸ್ತೆ ಹಿಡಿದು ಬಿರಬಿರನೆ ನಡೆದಳು. ಹಿಂದಿನಿಂದ ಗುಂಡಿ ಎರಡು ಸಲ ಕೂಗಿದ್ದು ಕೇಳಿಸಿತು.

ಊರ ಕೊನೆಯ ಮನೆ ದಾಟಿದ ಮೇಲೆ ಬೈಕು ಪಕ್ಕಕ್ಕೆ ಬಂತು.

"ಹತ್ತಿ ಅಕ್ಕಾ. ಏಳು ಕಿಲೋಮೀಟರು."

"ಬೇಡ."

ಅವನು ಸ್ವಲ್ಪ ದೂರ ಅವಳ ನಡಿಗೆಗೆ ಸರಿಯಾಗಿ ಗಾಡಿ ಬಿಟ್ಟ. ಆಮೇಲೆ ಇಂಜಿನ್ ಆರಿಸಿ, ಇಳಿದು, ಬೈಕು ತಳ್ಳಿಕೊಂಡು ಅವಳ ಪಕ್ಕದಲ್ಲೇ ನಡೆದ.