ಮಂಜಿನೊಳಗಿನ ಕುದುರೆಗಾಡಿ, ಮೆರ್ಲನ ಕಾರಿನ ವಿಮೆ

ಸೇಬು ಕೀಳುವ ಕಾಲ ಬಂತೆಂದರೆ ಪೆನ್ಸಿಲ್ವೇನಿಯಾದ ನಮ್ಮ ಕಣಿವೆಯಲ್ಲಿ ಬೆಳಿಗ್ಗೆಯೆಲ್ಲ ಮಂಜಿನದೇ ಕಾರುಬಾರು. ಜೋಳದ ಹೊಲ, ಹಸುವಿನ ಕೊಟ್ಟಿಗೆ, ರಸ್ತೆ ಎಲ್ಲವೂ ಹಾಲಿನಲ್ಲಿ ಅದ್ದಿಟ್ಟ ಹಾಗೆ. ಮೊದಲು ಗೊರಸಿನ ಸದ್ದು ಕೇಳುತ್ತದೆ, ಕುದುರೆ ಕಾಣುವುದು ಆಮೇಲೆ. ಕಾರಿನ ಗಾಜು ಏರಿಸಿಕೊಂಡು ಕೂತವರಿಗೆ ಆ ಸದ್ದೂ ಕೇಳುವುದಿಲ್ಲ.

ಈ ರಸ್ತೆಯಲ್ಲಿ ಕಾರು ಓಡಿಸುವವರು ನಾವು. ಕುದುರೆಗಾಡಿ ಓಡಿಸುವವರು ನಮ್ಮ ನೆರೆಯ ಅಮಿಶರು, ಹಳೆಯ ಕಾಲದ ರೀತಿಯಲ್ಲೇ ಬದುಕುವ ಕ್ರೈಸ್ತ ಪಂಗಡದವರು. ಅವರು ಕಾರು ಇಟ್ಟುಕೊಳ್ಳುವುದಿಲ್ಲ, ವಿಮೆ ಮಾಡಿಸುವುದಿಲ್ಲ, ಯಾರ ಮೇಲೂ ಕೋರ್ಟಿಗೆ ಹೋಗುವುದಿಲ್ಲ. ಈ ಕೊನೆಯ ಮಾತನ್ನು ಹಿಡಿದುಕೊಂಡು ನನ್ನ ಗಂಡ ಮೆರ್ಲ್ ವರ್ಷಗಟ್ಟಲೆ ನೆಮ್ಮದಿಯಾಗಿದ್ದ.

ಹೋದ ವರ್ಷ ಊರಿನ ಅಗ್ನಿಶಾಮಕ ದಳದವರು ಏರ್ಪಡಿಸಿದ್ದ ಶನಿವಾರದ ತಿಂಡಿಗೆ ಹೋಗಿದ್ದೆವು. ಎದುರಿಗೆ ಬಂದು ಕೂತವನು ಗೇಲನ್, ಮೆರ್ಲನ ಶಾಲೆಯ ಗೆಳೆಯ. ಪೇಟೆಯಲ್ಲಿ ವಿಮೆಯ ಕಚೇರಿ ನಡೆಸುತ್ತಾನೆ.

"ಮೆರ್ಲ್, ನಿನ್ನ ಕಾರಿನ ವಿಮೆ ಈ ತಿಂಗಳಿಗೆ ಮುಗಿಯುತ್ತೆ ಕಣೋ. ಈ ಸಲನಾದ್ರೂ ಹೊಣೆಗಾರಿಕೆ ಮೊತ್ತ ಏರಿಸೋಣ," ಅಂದ.

"ಯಾಕೆ, ನನ್ನ ಕಂತಿನ ದುಡ್ಡಲ್ಲಿ ನಿನ್ನ ದೋಣಿಗೆ ಹೊಸ ಮೋಟಾರು ಬೇಕಾ?"

"ಮಾತು ಮರೆಸಬೇಡ. ನಿನ್ನ ಕಾರಿಂದ ಬೇರೆಯವರಿಗೆ ಪೆಟ್ಟಾದ್ರೆ ಕೊಡೋ ದುಡ್ಡಿನ ವಿಷಯ ಇದು."

"ಕಾನೂನು ಎಷ್ಟು ಕೇಳುತ್ತೋ ಅಷ್ಟಿದೆಯಲ್ಲ?"

"ಅದು ಕನಿಷ್ಠ ಮಾರಾಯ. ಒಬ್ಬರಿಗೆ ಪೆಟ್ಟಾದ್ರೆ ಹದಿನೈದು ಸಾವಿರ ಡಾಲರ್. ವಸ್ತು ಹಾಳಾದ್ರೆ ಐದು ಸಾವಿರ. ಐದು ಸಾವಿರಕ್ಕೆ ಈಗ ಒಂದು ಒಳ್ಳೆ ಕುದುರೆಗಾಡಿ ಬರುತ್ತಾ? ಕುದುರೆ ಬೇರೆ. ಇನ್ನು ಆಸ್ಪತ್ರೆ ವಿಷಯ ನಿನಗೆ ನಾನು ಹೇಳಬೇಕಾ? ಹದಿನೈದು ಸಾವಿರ ಬಾಗಿಲಲ್ಲೇ ಕರಗಿಹೋಗುತ್ತೆ."

"ಈ ರಸ್ತೇಲಿ ನನಗೆ ಎದುರಾಗೋದು ಯಾರು? ಪಕ್ಕದ ಹೊಲದ ಬೆನ್ಯುಯೆಲ್, ಇಲ್ಲಾಂದ್ರೆ ಅವನ ತಮ್ಮ. ಅವರೇನು ಕೇಸು ಹಾಕೋ ಜನಾನಾ?"

ಗೇಲನ್ ಫೋರ್ಕು ಕೆಳಗಿಟ್ಟ. "ಕೇಸು ಹಾಕಲ್ಲ ಅಂದ್ರೆ ಮೂಳೆ ಮುರಿಯಲ್ಲ ಅಂತಲಾ?"

ಮೆರ್ಲ್ ದೋಸೆಯಂಥ ಇನ್ನೊಂದು ಪ್ಯಾನ್‌ಕೇಕಿನ ಮೇಲೆ ಪಾಕ ಸುರಿದುಕೊಂಡ. ನನಗೆ ಸಿಟ್ಟು ಬಂತು. ಈ ಮನುಷ್ಯನಿಗೆ ಹೇಳುವುದಕ್ಕಿಂತ ನಮ್ಮ ಹೇಸರಗತ್ತೆಗೆ ಹೇಳುವುದು ವಾಸಿ ಅಂದುಕೊಂಡೆ.

ಸೋಮವಾರ ಬೆಳಿಗ್ಗೆ ಮೆರ್ಲ್ ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ನಾವು ಓಡುತ್ತಿದ್ದೇವೋ, ನಿಂತಲ್ಲೇ ತೇಲುತ್ತಿದ್ದೇವೋ ತಿಳಿಯುತ್ತಿರಲಿಲ್ಲ. ನನಗೆ ಮಂಪರು ಹತ್ತಿತ್ತು. ಆಗ ಆ ಬಿಳುಪಿನೊಳಗಿಂದ ಒಂದು ಕುದುರೆಯ ಮುಖ ಮೂಡಿತು. ಬರೀ ಮುಖ. ಕನಸೆಂದೇ ತಿಳಿದೆ.

ಮೆರ್ಲ್ ಬ್ರೇಕು ಒತ್ತಿದ. ಒದ್ದೆ ಎಲೆಗಳ ಮೇಲೆ ಕಾರು ಮೆಲ್ಲಗೆ, ಬಹಳ ಹೊತ್ತು ಎನ್ನುವ ಹಾಗೆ ಜಾರಿತು. ನಿಂತಾಗ ಕುದುರೆಯ ಉಸಿರು ನಮ್ಮ ಮುಂದಿನ ಗಾಜಿನ ಮೇಲೆ ಮಸುಕಾಗಿ ಹರಡಿತ್ತು. ಬೆನ್ಯುಯೆಲ್‌ನ ಗಾಡಿ ಅವನ ಹೊಲದ ಓಣಿಯಿಂದ ರಸ್ತೆಗೆ ತಿರುಗಿತ್ತು. ಅವನ ಹೆಂಡತಿ ಮಲಿಂಡಾಳ ಮಡಿಲಿನಿಂದ ಒಂದು ಗಂಟು ಜಾರಿ, ಬಿಚ್ಚಿಕೊಂಡು ರಸ್ತೆಯಲ್ಲಿ ಹರಡಿತ್ತು. ತುಂಡು ಬಟ್ಟೆಗಳನ್ನು ಸೇರಿಸಿ ಹೊಲಿದ ದೊಡ್ಡ ಹೊದಿಕೆ. ಆ ಬಿಳುಪಿನಲ್ಲಿ ಅದರ ಕೆಂಪು, ನೀಲಿ, ಹಸಿರು ಮಾತ್ರ ನಿಜವೆನಿಸುತ್ತಿದ್ದವು.

ಯಾರಿಗೂ ಏನೂ ಆಗಿರಲಿಲ್ಲ. ನಾನು ಇಳಿದು ಹೊದಿಕೆಯ ಒಂದು ಅಂಚು ಹಿಡಿದೆ, ಮಲಿಂಡಾ ಇನ್ನೊಂದು ಅಂಚು ಹಿಡಿದಳು. ಇಬ್ಬರೂ ಸೇರಿ ಅದನ್ನು ಮಡಚಿದೆವು.

"ಯಾರಿಗಮ್ಮ ಇಷ್ಟು ಚೆಂದದ ಹೊದಿಕೆ?"

"ಹರಾಜಿಗೆ, ಆರ್ಲೀನ್. ಆಚೆ ಕಣಿವೇಲಿ ನಮ್ಮ ನಾದಿನಿಗೆ ಕಾರು ಗುದ್ದಿತ್ತಲ್ಲ, ಅವಳ ಆಸ್ಪತ್ರೆ ಖರ್ಚಿಗೆ. ಕಾರಿನ ಹುಡುಗನ ವಿಮೆ ಹದಿನೈದು ಸಾವಿರಕ್ಕೇ ಮುಗೀತು. ಮಿಕ್ಕಿದ್ದು ನಮ್ಮ ಸಭೆಯವರೆಲ್ಲ ಸೇರಿ ಹಾಕ್ತಿದೀವಿ. ಪಾಪ, ಹುಡುಗ ಒಳ್ಳೆಯವನೇ. ಅವಳನ್ನ ನೋಡೋಕೆ ಬರ್ತಾನೆ, ಬಾಗಿಲಲ್ಲೇ ನಿಂತು ಅಳ್ತಾನೆ."

ಮೆರ್ಲ್ ಕುದುರೆಯ ಕೊರಳು ಸವರುತ್ತಾ ನಿಂತಿದ್ದ. "ಬೆನ್ಯುಯೆಲ್, ನಾನು ಗುದ್ದಿಬಿಟ್ಟಿದ್ರೆ ನನ್ನ ಹತ್ರ ದುಡ್ಡು ಕೇಳ್ತಿದ್ಯಾ?"

"ಇಲ್ಲಪ್ಪ. ನೀನಾಗಿ ಆಸ್ಪತ್ರೆ ಖರ್ಚಿನಷ್ಟು ಕೊಟ್ರೆ ತಗೋತಿದ್ವಿ. ಇಲ್ಲದಿದ್ರೆ ಹಸು ಮಾರ್ತಿದ್ವಿ. ನಿನ್ನ ಮೇಲೆ ಬೇಸರ ಇಟ್ಕೋತಿರಲಿಲ್ಲ, ಅದಕ್ಕೆ ನೀನು ಚಿಂತೆ ಮಾಡಬೇಡ."

ಇಷ್ಟು ಹೇಳಿ ಹ್ಯಾಟು ಸರಿಮಾಡಿಕೊಂಡು ಗಾಡಿ ಹತ್ತಿದ. ಮಂಜು ಅವರನ್ನು ಮತ್ತೆ ಒಳಗೆ ಎಳೆದುಕೊಂಡಿತು. ಗೊರಸಿನ ಸದ್ದು ಮಾತ್ರ ಸ್ವಲ್ಪ ಹೊತ್ತು ಕೇಳುತ್ತಿತ್ತು.

ಆ ಮಧ್ಯಾಹ್ನ ಮೆರ್ಲ್ ಜಗಲಿಯ ತೂಗುಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋದ. ಎದ್ದಾಗ ಮುಖ ಬಿಳಿಚಿತ್ತು. ಏನಾಯಿತು ಎಂದು ಕೇಳಿದೆ.

"ಕನಸಲ್ಲಿ ನಮ್ಮ ಅಂಗಳದಲ್ಲೇ ಹರಾಜು ನಡೀತಿತ್ತು ಕಣೇ. ಎಲ್ಲ ಕಡೆ ಮಂಜು. ಬೆನ್ಯುಯೆಲ್‌ನ ಹಸುಗಳು ಒಂದೊಂದಾಗಿ ಹೋಗ್ತಿದ್ವು. ಹೋಗೋವಾಗ ಪ್ರತಿಯೊಂದೂ ತಿರುಗಿ ನನ್ನನ್ನ ನೋಡ್ತು. ಅವನು ಮಾತ್ರ ನಗ್ತಾ ನಿಂತಿದ್ದ. ಆಮೇಲೆ ನಮ್ಮ ಅಡುಗೆಮನೆ ಮೇಜು ಬಂತು, ನಿನ್ನ ಪೈ ತಟ್ಟೆಗಳು ಬಂದ್ವು, ಈ ಜಗಲಿ ಬಂತು. ನಾನೇ ಕೂಗಿ ಬಿಡಿಸ್ಕೊಳ್ಳೋಣ ಅಂದ್ರೆ ಕೈ ಮೇಲಕ್ಕೆ ಏಳಲೇ ಇಲ್ಲ, ಆರ್ಲೀನ್."

ನಾನು ಕಾರಿನ ಕೀಲಿಕೈ ತಂದು ಅವನ ಕೈಯಲ್ಲಿಟ್ಟೆ. ಮಂಜು ಕರಗಿ ಬಿಸಿಲು ಬಂದಿತ್ತು. ಇಬ್ಬರೂ ನೇರ ಗೇಲನ್‌ನ ಕಚೇರಿಗೆ ಹೋದೆವು.

ಗೇಲನ್ ನಮ್ಮನ್ನು ನೋಡಿದವನೇ, "ದೋಣಿಗೆ ಮೋಟಾರು ಬಂತು ಅನ್ನು," ಅಂದ. ಆಮೇಲೆ ತಮಾಷೆ ಬಿಟ್ಟು ಕೂತು ಹೇಳಿದ. "ನೋಡು, ವಿಮೆ ಹದಿನೈದು ಸಾವಿರಕ್ಕೆ ನಿಲ್ಲುತ್ತೆ. ನಿನ್ನ ಹೊಣೆ ಅಲ್ಲಿಗೆ ನಿಲ್ಲಲ್ಲ. ಎದುರಿನವರು ಅಮಿಶ್ ಅಲ್ಲದಿದ್ರೆ, ಮಿಕ್ಕಿದ್ದಕ್ಕೆ ನಿನ್ನ ಮನೆ, ಉಳಿತಾಯದ ಮೇಲೆ ಬರಬಹುದು. ಅಮಿಶ್ ಆದ್ರೆ ಅವರ ಹಸುಗಳ ಮೇಲೆ ಬರುತ್ತೆ. ಅದಕ್ಕೇ ಮೊದಲು ನಿನಗೆ ಏನೇನು ಆಸ್ತಿ ಇದೆ ಅಂತ ನೋಡ್ಕೋ. ವಿಮೆ ಕಡೇಪಕ್ಷ ಅಷ್ಟಾದ್ರೂ ಇರಲಿ."

"ಹಾಗಾದ್ರೆ ಎಷ್ಟಿಗೆ ಮಾಡಿಸ್ಲಿ?"

"ನಿಮ್ಮಿಬ್ಬರ ಸ್ಥಿತಿಗೆ ಒಬ್ಬರಿಗೆ ಪೆಟ್ಟಾದ್ರೆ ಒಂದು ಲಕ್ಷ, ಒಂದು ಅಪಘಾತದಲ್ಲಿ ಎಲ್ಲರಿಗೂ ಸೇರಿ ಮೂರು ಲಕ್ಷ, ವಸ್ತುಗಳಿಗೆ ಒಂದು ಲಕ್ಷ. ಆಸ್ತಿ ಇನ್ನೂ ಜಾಸ್ತಿ ಇರೋರಿಗೆ ಇದರ ಮೇಲೆ ಹೆಚ್ಚುವರಿ ವಿಮೆನೂ ಸಿಗುತ್ತೆ."

ಕಂತು ಹತ್ತು ಪಟ್ಟು ಏರುತ್ತದೆಂದು ಮೆರ್ಲ್ ಉಸಿರು ಬಿಗಿಹಿಡಿದು ಕೂತಿದ್ದ. ಗೇಲನ್ ಲೆಕ್ಕ ತೋರಿಸಿದಾಗ ಹೆಚ್ಚಾದದ್ದು ತಿಂಗಳಿಗೊಮ್ಮೆ ನಾವಿಬ್ಬರೂ ಹೊರಗೆ ಊಟ ಮಾಡುವಷ್ಟೇ. ಮೆರ್ಲ್ ಸಹಿ ಹಾಕಿ, "ಇಷ್ಟಕ್ಕಾ ನಾನು ಇಷ್ಟು ವರ್ಷ ಹಟ ಮಾಡಿದ್ದು?" ಅಂದ. ನಾನು ಕಿಟಕಿಯ ಕಡೆ ತಿರುಗಿ ನಕ್ಕೆ.

ಹರಾಜಿನ ದಿನ ಮಲಿಂಡಾಳ ಹೊದಿಕೆಯನ್ನು ಎತ್ತಿ ಹಿಡಿದಾಗ ಪಕ್ಕದಲ್ಲಿ ಕೂತಿದ್ದ ಮೆರ್ಲನ ಕೈ ಮೇಲಕ್ಕೆದ್ದಿತು. ಬೇರೆಯವರು ಕೂಗುವುದನ್ನು ನಿಲ್ಲಿಸುವ ತನಕ ಅವನು ಅದನ್ನು ಇಳಿಸಲಿಲ್ಲ. ಹೊದಿಕೆ ಈಗ ನಮ್ಮ ಹಾಸಿಗೆಯ ಮೇಲಿದೆ. ಮಂಜಿನ ಬೆಳಗುಗಳಲ್ಲಿ ಎದ್ದ ಕೂಡಲೇ ಮೊದಲು ಕಾಣುವುದು ಅದೇ. ಅಂಥ ದಿನ ಮೆರ್ಲ್ ಕಾರಿನ ಗಾಜು ಇಳಿಸಿಕೊಂಡು, ಕಿವಿಗೊಟ್ಟು, ನಿಧಾನವಾಗಿ ಹೋಗುತ್ತಾನೆ.

ಇದನ್ನು ಓದುತ್ತಿರುವವರೇ, ನಿಮ್ಮ ರಸ್ತೆಯಲ್ಲಿ ಕುದುರೆಗಾಡಿ ಇರಲಿಕ್ಕಿಲ್ಲ. ಸೈಕಲ್ಲಿನಲ್ಲಿ ಹೋಗುವ ಯಾರದೋ ಅಣ್ಣ ಇದ್ದಾನೆ, ದಾಟಲು ನಿಂತ ಯಾರದೋ ತಾಯಿ ಇದ್ದಾಳೆ. ಇವತ್ತೇ ನಿಮ್ಮ ವಿಮೆಯ ಕಾಗದ ತೆಗೆಯಿರಿ. ಬೇರೆಯವರಿಗೆ ಪೆಟ್ಟಾದರೆ ಎಷ್ಟು ಕೊಡುತ್ತದೆಂದು ನೋಡಿ. ಕಾನೂನು ಕೇಳುವಷ್ಟೇ ಇದ್ದರೆ ಸಾಲದು. ಇನ್ನೂ ಏರಿಸಲು ಎಷ್ಟಾಗುತ್ತದೆಂದು ವಿಚಾರಿಸಿ. ವಿಚಾರಿಸುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ. ನೆರೆಯವರು ನಮ್ಮನ್ನು ಕ್ಷಮಿಸಿಬಿಡಬಹುದು, ಅದು ಅವರ ದೊಡ್ಡತನ. ಅವರ ಕೊಟ್ಟಿಗೆಯಲ್ಲಿ ಹಸು ಉಳಿಯುವ ಹಾಗೆ ನೋಡಿಕೊಳ್ಳಬೇಕಾದವರು ನಾವು.